ಸಕ್ಕರೆ ನಾಡಿಗೆ ಸಕ್ಕರೆ ಬಿಟ್ಟು ಬಂದವರು

ಬೆಂಗಳೂರಿನಿಂದ ಮೈಸೂರಿನತ್ತ ಹೋಗುವ ರೈಲಿನಲ್ಲಿ ಕಿಟಕಿಯ ಪಕ್ಕ ಕುಳಿತವರಿಗೆ ನಿಲ್ದಾಣದ ಹಳದಿ ಫಲಕ ಓದುವ ಅಗತ್ಯವೇ ಬೀಳುವುದಿಲ್ಲ. ರಾಮನಗರವನ್ನು ಬಂಡೆಗಳೇ ಹೇಳುತ್ತವೆ. ಚನ್ನಪಟ್ಟಣವನ್ನು ತೆಂಗಿನ ತೋಟಗಳು ಹೇಳುತ್ತವೆ. ಮದ್ದೂರು ಬಂತೆಂಬುದನ್ನು ವಡೆಯ ವಾಸನೆ ತಿಳಿಸುತ್ತದೆ. ಅಲ್ಲಿಂದ ಮುಂದೆ ಹಸಿರು ದಟ್ಟವಾಗುತ್ತಾ ಹೋಗಿ, ಕಬ್ಬಿನ ಗದ್ದೆಗಳ ನಡುವೆ ಅಲ್ಲೊಂದು ಇಲ್ಲೊಂದು ಆಲೆಮನೆಯ ಹೊಗೆ ಕಾಣಿಸಿತೆಂದರೆ ಅದು ಮಂಡ್ಯ.

ಸಂಕ್ರಾಂತಿಯ ಮುನ್ನಾದಿನ ಈ ದಾರಿಯಲ್ಲಿ ಬಂದ ಒಂದು ಸಂಸಾರದ ಕಥೆ ಇದು. ತಂದೆ, ತಾಯಿ, ಹತ್ತನೇ ತರಗತಿಯ ಮಗ. ತಾಯಿಯ ತವರು ಪಾಂಡವಪುರದ ಕಡೆಯ ಒಂದು ಹಳ್ಳಿ. ವಿಶೇಷವೆಂದರೆ ಮೂವರೂ ಎರಡು ದಿನದ ಹಿಂದೆ ಸಕ್ಕರೆ ಬಿಟ್ಟಿದ್ದರು. ಸಕ್ಕರೆ ಬಿಡುವವರು ಸಂಕ್ರಾಂತಿಗೆ ಮಂಡ್ಯ ಜಿಲ್ಲೆಗೆ ಬರುವುದೆಂದರೆ, ಈಜು ಬಾರದವನು ಕನ್ನಂಬಾಡಿ ಕಟ್ಟೆಯ ಹಿನ್ನೀರಿಗೆ ಇಳಿದಂತೆಯೇ ಸರಿ.

ಬಿಡಲು ಕಾರಣವಿತ್ತು. ತಂದೆಯ ರಕ್ತಪರೀಕ್ಷೆಯಲ್ಲಿ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 6.2 ಬಂದಿತ್ತು. 5.7ರಿಂದ 6.4ರವರೆಗಿನ ಅಂಕೆ ಮಧುಮೇಹದ ಹೊಸ್ತಿಲು, 6.5 ದಾಟಿದರೆ ಮನೆಯೊಳಗೆ ಕಾಲಿಟ್ಟಂತೆ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನದ ಪ್ರಕಾರ ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳೂ, ಹೊಸ್ತಿಲ ಮೇಲೆ ನಿಂತ 13.6 ಕೋಟಿ ಜನರೂ ಇದ್ದಾರೆ. ಈ ಎರಡನೆಯ ಗುಂಪಿನಲ್ಲಿ ತಾನೂ ಒಬ್ಬ ಎಂದು ತಿಳಿದ ತಂದೆ ಅಂದೇ ಸಕ್ಕರೆ ಡಬ್ಬ ಮುಚ್ಚಿಸಿದರು. ಮಗನ ಶಾಲೆಯಲ್ಲೂ ಆಗಲೇ ಒಂದು ಫಲಕ ತೂಗಿತ್ತು. ಯಾವ ತಿಂಡಿಯಲ್ಲಿ, ಯಾವ ತಂಪು ಪಾನೀಯದಲ್ಲಿ ಎಷ್ಟು ಸಕ್ಕರೆ ಇದೆಯೆಂದು ಮಕ್ಕಳಿಗೆ ತೋರಿಸುವ ಇಂಥ ಸಕ್ಕರೆ ಫಲಕಗಳನ್ನು ಹಾಕುವಂತೆ ಸಿಬಿಎಸ್‌ಇ 2025ರಲ್ಲಿ ತನ್ನ ಶಾಲೆಗಳಿಗೆ ಸೂಚಿಸಿತ್ತು. ಹುಡುಗ ಲೆಕ್ಕದಲ್ಲಿ ಜಾಣ. ಸಂಜೆ ಟ್ಯೂಷನ್ ಮುಗಿಸಿ ಕುಡಿಯುವ 600 ಮಿಲಿಲೀಟರ್ ಕೋಲಾ ಬಾಟಲಿಯಲ್ಲಿ 60 ಗ್ರಾಂಗಿಂತ ಹೆಚ್ಚು ಸಕ್ಕರೆ, ಅಂದರೆ ಹನ್ನೆರಡು ಚಮಚ! ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ ಮಿತಿ ದಿನಕ್ಕೆ 2000 ಕ್ಯಾಲರಿ ಉಣ್ಣುವವರಿಗೆ 50 ಗ್ರಾಂ. 25 ಗ್ರಾಂಗೆ ಇಳಿಸಿದರೆ ಇನ್ನೂ ಒಳ್ಳೆಯದು. ಒಂದು ಬಾಟಲಿಯೇ ಇಡೀ ದಿನದ ಪಡಿತರವನ್ನು ಮೀರಿತ್ತು. ಅಪ್ಪನ ಜೊತೆ ತಾನೂ ಬಿಡುವುದಾಗಿ ಅವನು ಹೇಳಿದ. ಸಕ್ಕರೆ ಇಲ್ಲದ ಕಾಫಿ ಕಷಾಯದಂತಿರುತ್ತದೆಂದು ಕಾಫಿಯನ್ನೂ ಬಿಟ್ಟ. ಈ ಕೊನೆಯ ಮಾತನ್ನು ಓದುಗರು ಸ್ವಲ್ಪ ನೆನಪಿಟ್ಟುಕೊಳ್ಳಬೇಕು.

ಮಂಡ್ಯದಲ್ಲಿ ರೈಲಿಳಿದು ಹಳ್ಳಿಯ ಬಸ್ಸು ಹತ್ತುವ ಹೊತ್ತಿಗೆ ಹುಡುಗನ ತಲೆ ಸಿಡಿಯುತ್ತಿತ್ತು. ಕಣ್ಣು ಎಳೆಯುತ್ತಿತ್ತು. ಓದಲೆಂದು ತಂದ ರಸಾಯನಶಾಸ್ತ್ರದ ಪುಸ್ತಕ ಚೀಲದಿಂದ ಹೊರಗೇ ಬರಲಿಲ್ಲ. ಪರೀಕ್ಷೆಗೆ ಉಳಿದಿದ್ದುದು ಒಂದೇ ತಿಂಗಳು. ತಾಯಿಗೆ ಚಿಂತೆ ಶುರುವಾಯಿತು.

ಬಸ್ಸು ನಾಲೆಯ ಏರಿಯ ಮೇಲೆ ಸಾಗುತ್ತದೆ. ಮಂಡ್ಯ ಹುಟ್ಟಿನಿಂದಲೇ ಸಕ್ಕರೆ ನಾಡಾಗಿರಲಿಲ್ಲ ಎಂಬುದು ಹೊಸ ತಲೆಮಾರಿನ ಎಷ್ಟೋ ಮಂದಿಗೆ ಗೊತ್ತಿಲ್ಲ. ನೂರು ವರ್ಷದ ಹಿಂದೆ ಇದು ಮಳೆಯನ್ನು ನಂಬಿದ ಒಣ ನೆಲ. ರಾಗಿ, ಹುರುಳಿ, ಎಳ್ಳಿನ ಸೀಮೆ. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಆರಂಭವಾಯಿತು. ಹುಲಿಕೆರೆಯ ಬಳಿ ಗುಡ್ಡದ ಹೊಟ್ಟೆ ಕೊರೆದು ಸುರಂಗ ಮಾಡಿ ಕಾವೇರಿಯ ನೀರನ್ನು ಈ ಕಡೆ ತಿರುಗಿಸಿದರು. ಮೊದಲು ವೈಸರಾಯ್ ಇರ್ವಿನ್ ಹೆಸರಿನಲ್ಲಿದ್ದ ಆ ನಾಲೆಗೆ ಆಮೇಲೆ ವಿಶ್ವೇಶ್ವರಯ್ಯನವರ ಹೆಸರು ಬಂತು. ರೈತರ ಬಾಯಲ್ಲಿ ಅದು ವಿ.ಸಿ. ನಾಲೆ. ನೀರೇನೋ ಬಂತು, ಬೆಳೆಯುವುದೇನು? ಕೆನಡಾದಿಂದ ಬಂದು ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ ಕಬ್ಬಿನ ಪರವಾಗಿ ನಿಂತರು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯೇ ಆಯಿತು. ಸಕ್ಕರೆಯಿಂದ ಊರು, ಊರಿನಿಂದ ಜಿಲ್ಲೆ! ನಡುವೆ ಕಾರ್ಖಾನೆ ಸೊರಗಿ, ಕೆಲವು ವರ್ಷ ನಿಂತು, 2022ರಲ್ಲಿ ಮತ್ತೆ ಕಬ್ಬು ಅರೆಯತೊಡಗಿದ್ದು ಈಚಿನ ಮಾತು.

ತಾತ ಹುರುಳಿ ಬೆಳೆದ ಹೊಲದಲ್ಲೇ ಈಗ ಹುಡುಗನ ಸೋದರಮಾವ ಕಬ್ಬು ಬೆಳೆಯುತ್ತಾರೆ. ಈ ಹುಡುಗನ ತಾಯಿ ಓದಿದ್ದೂ ಕಬ್ಬಿನ ಹಣದಲ್ಲೇ. ಆದ್ದರಿಂದ ಮನೆಯ ಹೊಸ್ತಿಲು ದಾಟಿದೊಡನೆ ಅಳಿಯಂದಿರು “ನಮಗೆ ಸಕ್ಕರೆ ಬೇಡ” ಎಂದಾಗ ಅಜ್ಜಿಯ ಮುಖ ಸಪ್ಪಗಾದದ್ದು ಸಹಜ. ಆದರೂ ಮರುಮಾತಾಡದೆ ಸಕ್ಕರೆ ಡಬ್ಬವನ್ನು ಅಟ್ಟಕ್ಕೇರಿಸಿದರು. ಮೊಮ್ಮಗನನ್ನು ನೋಡಿದಾಗ ಮಾತ್ರ ತಡೆಯಲಾಗಲಿಲ್ಲ.

“ಅದ್ಯಾಕ್ಲ ಮಗ ಹಿಂಗ್ ಸೊರಗೋಗಿದ್ದೀಯ? ಸಕ್ಕರೆ ಬುಟ್ರೆ ಮೈಯಾಗ್ ಸಕ್ತಿ ಎಲ್ಲಿಂದ ಬಂದಾತು?”

ಅಜ್ಜಿಯ ಪ್ರಶ್ನೆ ತಳ್ಳಿಹಾಕುವಂಥದ್ದಲ್ಲ. ಮಿದುಳಿಗೆ ದಿನಕ್ಕೆ ಸುಮಾರು 120 ಗ್ರಾಂ ಗ್ಲೂಕೋಸ್ ಬೇಕು. ಇಡೀ ದೇಹ ಬಳಸುವ ಶಕ್ತಿಯಲ್ಲಿ ಐದನೆಯ ಒಂದು ಪಾಲನ್ನು ಅದೊಂದೇ ನುಂಗುತ್ತದೆ. ಆದರೆ ಆ ಗ್ಲೂಕೋಸ್ ಸಕ್ಕರೆ ಡಬ್ಬದಿಂದಲೇ ಬರಬೇಕೆಂದಿಲ್ಲ. ರಾಗಿ, ಅಕ್ಕಿ, ಅವರೆಕಾಳು ಎಲ್ಲದರ ಪಿಷ್ಟವೂ ಕರುಳಿನಲ್ಲಿ ಒಡೆದು ಗ್ಲೂಕೋಸ್ ಆಗುತ್ತದೆ. ಊಟಗಳ ನಡುವೆ ಕೊರತೆಯಾಗದಂತೆ ಪಿತ್ತಜನಕಾಂಗ ತನ್ನ ಉಗ್ರಾಣದಿಂದ ಸ್ವಲ್ಪ ಸ್ವಲ್ಪವೇ ಬಿಡುತ್ತಿರುತ್ತದೆ. ಸಕ್ಕರೆಯನ್ನು ಕಾಣದ ಕಾಲದಲ್ಲೂ ಇದೇ ಮಂಡ್ಯದ ಒಕ್ಕಲಿನವರು ಮುದ್ದೆ ಉಂಡು ಬೆಳಗಿನಿಂದ ಬೈಗಿನವರೆಗೆ ಗುದ್ದಲಿ ಹಿಡಿದಿದ್ದರು. ಹಾಗಾದರೆ ಹುಡುಗನಿಗೆ ಬಂದ ಸುಸ್ತು ಯಾವುದು?

ಹಬ್ಬದ ದಿನ ಬೆಳಿಗ್ಗೆ ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಕಾಯಿ, ಹುರಿಗಡಲೆ ಬೆರೆಸಿದ ಬಟ್ಟಲು ಬಂತು. ತಂದೆ ಬೆಲ್ಲದ ಚೂರುಗಳನ್ನು ಒಂದೊಂದಾಗಿ ಆರಿಸಿ ಪಕ್ಕಕ್ಕಿಡುವುದನ್ನು ನೋಡಿ ಬೀದಿಯ ಮಕ್ಕಳು ಬಾಯಿಗೆ ಕೈ ಅಡ್ಡಹಿಡಿದು ನಕ್ಕರು. ಎಳ್ಳುಬೆಲ್ಲ ತಿಂದು ಒಳ್ಳೆಯ ಮಾತಾಡಬೇಕೆನ್ನುತ್ತಾರೆ. ಬರೀ ಎಳ್ಳು ತಿಂದವರ ಮಾತು ಹೇಗಿರುತ್ತದೋ! ಸಂಜೆ ದನಗಳಿಗೆ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಕೊರಳಿಗೆ ಹೂವಿನ ಹಾರ ಕಟ್ಟಿ ಊರ ಮುಂದಕ್ಕೆ ಹೊಡೆದುಕೊಂಡು ಬಂದರು. ಹುಲ್ಲಿಗೆ ಬೆಂಕಿ ಹಚ್ಚಿ ಕಿಚ್ಚು ಹಾಯಿಸುವ ಹೊತ್ತಿಗೆ ಊರಿಗೆ ಊರೇ ಸೇರಿತ್ತು. ಎತ್ತುಗಳು ಹಗ್ಗ ಹಿಡಿದವರನ್ನೂ ಎಳೆದುಕೊಂಡು ಉರಿಯ ಮೇಲೆ ಜಿಗಿಯುವ ಆ ಗಳಿಗೆಗಾಗಿ ಹುಡುಗ ವರ್ಷವಿಡೀ ಕಾಯುತ್ತಿದ್ದ. ಈ ಸಲ ಅವನು ಜಗುಲಿಯ ಕಂಬಕ್ಕೊರಗಿ ಕುಳಿತೇ ಇದ್ದ.

ಮಾರನೆಯ ದಿನ ನಡೆದದ್ದು ಬೇರೆ.

ಸೋದರಮಾವನಿಗೆ ಎಂಟು ವರ್ಷದಿಂದ ಸಕ್ಕರೆ ಕಾಯಿಲೆ. ದಿನವೂ ಬೆಳಿಗ್ಗೆ ಮಾತ್ರೆ. ಹಳ್ಳಿಯಲ್ಲಿ ಅದನ್ನು ಯಾರೂ ದೊಡ್ಡದು ಮಾಡಿರಲಿಲ್ಲ. ಭಾವನ ಹಟ ಕಂಡು ಅವರಿಗೂ ಹುರುಪು ಬಂತು. ಮುದ್ದೆ, ಅನ್ನವೂ ಹೊಟ್ಟೆಯೊಳಗೆ ಸಕ್ಕರೆಯೇ ಆಗುತ್ತವೆಂದು ಯಾರೋ ಹೇಳಿದ್ದು ಕಿವಿಯಲ್ಲಿತ್ತು. ಬೆಳಿಗ್ಗೆ ಮಾತ್ರೆ ನುಂಗಿ, ಒಂದು ಲೋಟ ನೀರು ಮಜ್ಜಿಗೆ ಕುಡಿದು, ಬೇರೇನೂ ಮುಟ್ಟದೆ ಕಬ್ಬು ಕಡಿಯಲು ಗದ್ದೆಗೆ ಹೋದರು. ಹನ್ನೊಂದು ಗಂಟೆಗೆ ಹಿಂತಿರುಗಿದಾಗ ಮೈಯೆಲ್ಲ ಬೆವರು. ಜನವರಿಯ ತಂಪಿನಲ್ಲಿ ಅಂಗಿ ಒದ್ದೆ. ಕೈ ನಡುಗುತ್ತಿತ್ತು. ಎಂದೂ ಗದರದ ಮನುಷ್ಯ ಹೆಂಡತಿಯ ಮೇಲೆ ಸುಮ್ಮನೆ ರೇಗಿದರು. “ಸುಸ್ತು, ಒಸಿ ಮಲಗ್ತೀನಿ” ಎಂದು ಚಾಪೆ ಎಳೆದರು.

ತಂಗಿಗೆ ಏನೋ ಸರಿಯಿಲ್ಲವೆನ್ನಿಸಿತು. ಅದೇ ಬೀದಿಯಲ್ಲಿರುವ ಉಪಕೇಂದ್ರದ ದಾದಿಯನ್ನು ಕರೆತರಲು ಓಡಿದರು. ಊರಿಗೆಲ್ಲ ಆಕೆ ಸಿಸ್ಟರಮ್ಮ. ಬಂದವರೇ ಬೆರಳ ತುದಿ ಚುಚ್ಚಿ ಗ್ಲೂಕೋಮೀಟರಿಗೆ ರಕ್ತ ತಾಗಿಸಿದರು. 54.

“ಸಕ್ಕರೆ ಎಲ್ಲವ್ವ? ಬೇಗ ತತ್ತಾ!”

ಡಬ್ಬ ಅಟ್ಟದ ಮೇಲಿತ್ತು. ಹುಡುಗನೇ ಏಣಿ ಹತ್ತಿ ಇಳಿಸಿದ. ಮೂರು ಚಮಚ ಸಕ್ಕರೆ ಕದಡಿದ ನೀರನ್ನು ಮಾವ ಕುಡಿದರು. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿದಾಗ 83. ಬೆವರು ನಿಂತಿತ್ತು. ಆಮೇಲೆ ಅರ್ಧ ಮುದ್ದೆ, ಸಾರು ಹೊಟ್ಟೆಗೆ ಬಿದ್ದ ಮೇಲೆ ಸಿಸ್ಟರಮ್ಮ ಎದ್ದು ಕುಳಿತ ಆ ಮನುಷ್ಯನನ್ನು ಚೆನ್ನಾಗಿ ಬೈದರು.

ಬೈಗುಳದ ಒಳಗಿದ್ದ ವಿಜ್ಞಾನ ಇಷ್ಟು. ಮಧುಮೇಹದ ಕೆಲವು ಮಾತ್ರೆಗಳು ಮೇದೋಜೀರಕ ಗ್ರಂಥಿಯನ್ನು ತಟ್ಟಿ ಇನ್ಸುಲಿನ್ ಹೊರಡಿಸುತ್ತವೆ. ಹೊಟ್ಟೆಗೆ ಊಟ ಬಿದ್ದಿದೆಯೋ ಇಲ್ಲವೋ ಆ ಮಾತ್ರೆಗೆ ಗೊತ್ತಾಗುವುದಿಲ್ಲ. ಊಟವೂ ಇಲ್ಲ, ಮೇಲೆ ಮೈಮುರಿಯುವ ಕೆಲಸ. ರಕ್ತದ ಗ್ಲೂಕೋಸ್ 70 ಮಿಲಿಗ್ರಾಂಗಿಂತ ಕೆಳಗೆ ಜಾರುತ್ತದೆ. ಬೆವರು, ನಡುಕ, ಎದೆ ಡವಡವ, ಸಿಡುಕು ಅದರ ಎಚ್ಚರಿಕೆಯ ಗಂಟೆಗಳು. ಇನ್ನೂ ಇಳಿದರೆ ಎಚ್ಚರ ತಪ್ಪುತ್ತದೆ. ಆಗ ಬಾಯಿಗೆ ಏನನ್ನೂ ಸುರಿಯಬಾರದು, ಉಸಿರುನಾಳಕ್ಕೆ ಹೋದೀತು; 108ಕ್ಕೆ ಫೋನು ಮಾಡಿ ಆಸ್ಪತ್ರೆಗೆ ಒಯ್ಯಬೇಕು. ಮಾವ “ಮಲಗ್ತೀನಿ” ಎಂದಾಗ ಮನೆಯವರು ಪಾಪ, ದಣಿದಿದ್ದಾರೆಂದು ಕದ ಮುಚ್ಚಿದ್ದರೆ? ಯಾರೂ ಆ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳಲಿಲ್ಲ. ಆ ಸಂಜೆಯೇ ಅವರನ್ನು ವೈದ್ಯರ ಬಳಿ ಕರೆದೊಯ್ದರು. ವೈದ್ಯರು ಮಾತ್ರೆಯ ಪ್ರಮಾಣ ಇಳಿಸಿ, ಊಟ ತಪ್ಪಿಸಕೂಡದೆಂದೂ, ತಾವಾಗಿ ಮಾತ್ರೆ ನಿಲ್ಲಿಸಕೂಡದೆಂದೂ ಬರೆದುಕೊಟ್ಟರು.

ಹೊರಡುವ ಮುನ್ನ ಸಿಸ್ಟರಮ್ಮನ ಕಣ್ಣು ಜಗುಲಿಯ ಮೇಲೆ ಮಂಕಾಗಿದ್ದ ಹುಡುಗನ ಮೇಲೆ ಬಿತ್ತು. ಬೆಳಗಿನ ಗಾಬರಿಯಲ್ಲಿದ್ದ ತಾಯಿ ಅವನ ಬೆರಳನ್ನೂ ಚುಚ್ಚಿ ನೋಡಿರೆಂದರು. 92. ಏನೂ ಕಡಿಮೆಯಿಲ್ಲ! ಸಿಸ್ಟರಮ್ಮ ಒಂದೇ ಪ್ರಶ್ನೆ ಕೇಳಿದರು.

“ಕಾಫಿನೂ ಬಿಟ್ಟಿದ್ದೀಯೇನಪ್ಪ?”

ಹುಡುಗ ದಿನಕ್ಕೆ ಎರಡು ಲೋಟ ಕಾಫಿ, ಒಂದು ದೊಡ್ಡ ಬಾಟಲಿ ಕೋಲಾ ಕುಡಿಯುತ್ತಿದ್ದವನು. ಸೋಸಿದ ಕಾಫಿಯ 150 ಮಿಲಿಲೀಟರಿನಲ್ಲಿ 80ರಿಂದ 120 ಮಿಲಿಗ್ರಾಂ ಕೆಫೀನ್ ಇರುತ್ತದೆ. ಪುಡಿ ಕಲಸುವ ದಿಢೀರ್ ಕಾಫಿಯಾದರೆ 50ರಿಂದ 65. ಕೋಲಾದಲ್ಲೂ ಅದುಂಟು, 600 ಮಿಲಿಲೀಟರಿಗೆ 60ರ ಆಸುಪಾಸು. ತಂಪು ಪಾನೀಯದಲ್ಲಿ ಸಕ್ಕರೆ ಇದೆಯೆಂದು ಎಲ್ಲರೂ ಬಲ್ಲರು, ಕೆಫೀನ್ ಇರುವುದನ್ನು ಎಷ್ಟು ಮಂದಿ ತಂದೆತಾಯಿ ಬಲ್ಲರು? ಹುಡುಗ ಬಿಟ್ಟದ್ದು ಸಕ್ಕರೆಯನ್ನೆಂದು ಅವನೂ ಅಂದುಕೊಂಡಿದ್ದ. ಅದರ ಬೆನ್ನಿಗೇ ಇನ್ನೊಂದೂ ಮನೆಬಿಟ್ಟು ಹೋಗಿತ್ತು.

ಮಿದುಳು ದುಡಿದಂತೆಲ್ಲ ಅಡಿನೋಸಿನ್ ಎಂಬ ವಸ್ತು ಅಲ್ಲಿ ಸಂಗ್ರಹವಾಗುತ್ತದೆ. ಅದು ಜೀವಕೋಶಗಳ ಮೇಲಿನ ಗ್ರಾಹಕಗಳಲ್ಲಿ ಕುಳಿತರೆ ನಿದ್ದೆ ಎಳೆಯುತ್ತದೆ. ಕೆಫೀನ್ ಆಕಾರದಲ್ಲಿ ಅದರ ದಾಯಾದಿಯಂತೆ ಇದ್ದು, ಮೊದಲೇ ಹೋಗಿ ಆ ಕುರ್ಚಿಗಳನ್ನು ಹಿಡಿದುಬಿಡುತ್ತದೆ. ಅಡಿನೋಸಿನ್ ನಿಂತೇ ಇರಬೇಕು. ದಿನವೂ ಹೀಗಾದರೆ ದೇಹ ಸುಮ್ಮನಿರುವುದಿಲ್ಲ, ಇನ್ನಷ್ಟು ಕುರ್ಚಿ ಹಾಕಿಸುತ್ತದೆ. ಒಂದು ದಿನ ಕೆಫೀನ್ ಬಾರದೆ ಹೋದಾಗ ಎಲ್ಲ ಕುರ್ಚಿಗಳೂ ಅಡಿನೋಸಿನ್ ಪಾಲಾಗಿ ತೂಕಡಿಕೆ, ಆಲಸ್ಯ. ಮಿದುಳಿನ ರಕ್ತನಾಳಗಳು ಹಿಗ್ಗಿ ತಲೆನೋವು. ಇದು ಬಿಟ್ಟ 12ರಿಂದ 24 ಗಂಟೆಯೊಳಗೆ ಆರಂಭವಾಗಿ, ಒಂದೆರಡು ದಿನದಲ್ಲಿ ತುದಿಗೇರಿ, ಎರಡರಿಂದ ಒಂಬತ್ತು ದಿನದೊಳಗೆ ಇಳಿಯುತ್ತದೆ. ದಿನಕ್ಕೆ 100 ಮಿಲಿಗ್ರಾಂನಷ್ಟನ್ನೇ ರೂಢಿ ಮಾಡಿಕೊಂಡವರಲ್ಲೂ ಕಾಣಿಸಿಕೊಳ್ಳುತ್ತದೆ. ಹುಡುಗ ರೈಲು ಹತ್ತಿದ್ದು ಸರಿಯಾಗಿ ಆ ತುದಿಯ ಹೊತ್ತಿಗೆ.

ಸಕ್ಕರೆಯ ಪಾಲು ಏನೂ ಇಲ್ಲವೇ? ಇದೆ, ಆದರೆ ಬೇರೆ ರೀತಿಯಲ್ಲಿ. ಕೋಲಾ, ಕಾಫಿ, ಬಿಸ್ಕತ್ತು, ಬೇಕರಿ ತಿನಿಸು ಎಲ್ಲ ಸೇರಿ ಹುಡುಗ ದಿನಕ್ಕೆ 100 ಗ್ರಾಂನಷ್ಟು ಸಕ್ಕರೆ ತಿನ್ನುತ್ತಿದ್ದ. ಅಂದರೆ 400 ಕ್ಯಾಲರಿ, 100 ಗ್ರಾಂ ರಾಗಿ ಹಿಟ್ಟಿನಲ್ಲಿರುವುದಕ್ಕಿಂತ ಹೆಚ್ಚು. ಅಷ್ಟನ್ನು ಕಿತ್ತುಹಾಕಿ ಆ ಜಾಗಕ್ಕೆ ಏನನ್ನೂ ಇಡಲಿಲ್ಲ. ಎರಡು ಇಡ್ಲಿ ತಿಂದು ಎದ್ದ. ಬೆಳೆಯುವ ಹುಡುಗನಿಗೆ ಇದು ಸಾಲದು. ಬಾಟಲಿಯ ಜೊತೆ ಹೊಟ್ಟೆ ಸೇರುತ್ತಿದ್ದ ಅರ್ಧ ಲೀಟರಿಗೂ ಮಿಕ್ಕ ನೀರೂ ನಿಂತುಹೋಗಿತ್ತು. ಇನ್ನು ಸಕ್ಕರೆಗೂ ಮಾದಕ ವಸ್ತುವಿನಂಥ ಚಟವಿದೆಯೆನ್ನುವ ಮಾತು. ಇಲಿಗಳಲ್ಲಿ ಅಂಥ ಲಕ್ಷಣ ಕಂಡ ಪ್ರಯೋಗಗಳಿವೆ. ಮನುಷ್ಯರಲ್ಲೂ ಹಾಗೆಯೇ ಎಂದು ಹೇಳಲು ಆಧಾರ ಸಾಲದು. ನಾಲಿಗೆಯ ಚಪಲವನ್ನೆಲ್ಲ ಚಟವೆಂದು ಕರೆದು ಮಕ್ಕಳನ್ನು ಹೆದರಿಸುವುದು ತರವಲ್ಲ.

ಸಿಸ್ಟರಮ್ಮ ಹೇಳಿದ ಉಪಾಯ ಸರಳ. ಬೆಳಿಗ್ಗೆ ಅರ್ಧ ಲೋಟ ಕಾಫಿ, ಅರ್ಧ ಚಮಚ ಸಕ್ಕರೆ. ನಾಲ್ಕೈದು ದಿನ ಬಿಟ್ಟು ಕಾಲು ಲೋಟ. ಮುಂದೆ ಬೇಕೆನಿಸದಿದ್ದರೆ ಬಿಡಬಹುದು. ಬೆಳಗಿನ ತಿಂಡಿ ಹೊಟ್ಟೆ ತುಂಬ, ಜೊತೆಗೆ ಕಾಳು. ದಾಹಕ್ಕೆ ನೀರು. ಹೊರಟವರು ಬಾಗಿಲಲ್ಲಿ ನಿಂತು ಇನ್ನೊಂದು ಮಾತು ಸೇರಿಸಿದರು. ಎರಡು ವಾರವಾದರೂ ಸುಸ್ತು ಹೋಗದಿದ್ದರೆ ಸಕ್ಕರೆಯ ಮೇಲೆ ತಪ್ಪು ಹೊರಿಸಿ ಕೂರದೆ ರಕ್ತದ ಹಿಮೋಗ್ಲೋಬಿನ್ ನೋಡಿಸಬೇಕು, ಹೆಣ್ಣುಮಕ್ಕಳಾದರೆ ಮುಖ್ಯವಾಗಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ ಕಂಡುಬಂದಿತ್ತು. ಸುಸ್ತಿನ ಜೊತೆ ವಿಪರೀತ ದಾಹ, ಪದೇ ಪದೇ ಮೂತ್ರ, ತೂಕ ಇಳಿಯುವುದು ಇದ್ದರಂತೂ ತಡಮಾಡಲೇಬಾರದು.

ಮಧ್ಯಾಹ್ನ ಅರ್ಧ ಲೋಟ ಕಾಫಿ ಕುಡಿದು ಒಂದು ಗಂಟೆ ಕಳೆಯುವಷ್ಟರಲ್ಲಿ ಹುಡುಗನ ತಲೆನೋವು ಇಳಿಯಿತು. “ಆಲೆಮನೆಗೆ ಹೋಗೋಣ” ಎಂದು ತಾನೇ ಎದ್ದ.

ಊರಾಚೆಯ ಆಲೆಮನೆ ನೋಡಲೇಬೇಕಾದ ಪ್ರಯೋಗಶಾಲೆ. ಗಾಣದ ಉರುಳೆಗಳ ನಡುವೆ ಕಬ್ಬು ನುಗ್ಗಿ ಒಂದು ಕಡೆ ಹಾಲು, ಇನ್ನೊಂದು ಕಡೆ ಸಿಪ್ಪೆ. ಒಣಗಿದ ಸಿಪ್ಪೆಯೇ ಒಲೆಗೆ ಉರುವಲು. ಕಬ್ಬು ತನ್ನನ್ನು ತಾನೇ ಬೇಯಿಸಿಕೊಳ್ಳುತ್ತದೆ. ಅಗಲವಾದ ಕೊಪ್ಪರಿಗೆಯಲ್ಲಿ ಹಾಲು ಕುದಿಯುವಾಗ ಹುಳಿ ಮುರಿಯಲು ಸುಣ್ಣ, ಕಸ ಮೇಲೆ ಬರಿಸಲು ಬೆಂಡೆ ಗಿಡ ಜಜ್ಜಿದ ಲೋಳೆ. ಲೋಳೆಗೆ ಅಂಟಿಕೊಂಡು ಕಪ್ಪು ನೊರೆ ಮೇಲೇಳುತ್ತದೆ, ಅದನ್ನು ಜಾಲರಿಯಿಂದ ತೆಗೆಯುತ್ತಾರೆ. ನೀರು ಆವಿಯಾದಂತೆ ಪಾಕದ ಕುದಿಬಿಂದು 100 ಡಿಗ್ರಿಯಿಂದ ಮೇಲೇರಿ 118ರ ಹತ್ತಿರ ಬರುತ್ತದೆ. ಅಲ್ಲಿ ಉಷ್ಣಮಾಪಕ ಇಟ್ಟವರಿಲ್ಲ. ಹದ ಬಲ್ಲವನು ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ನೋಡಿ ಕೈಯೆತ್ತುತ್ತಾನೆ. ಕೂಡಲೇ ಕೊಪ್ಪರಿಗೆ ಬಗ್ಗುತ್ತದೆ, ಪಾಕ ಅಚ್ಚಿಗಿಳಿಯುತ್ತದೆ. ನೂರು ಕಿಲೋ ಕಬ್ಬಿಗೆ ಸುಮಾರು ಹತ್ತು ಕಿಲೋ ಬೆಲ್ಲ. ಬಂಗಾರದ ಬಣ್ಣದ ಬೆಲ್ಲಕ್ಕೆ ಪೇಟೆಯಲ್ಲಿ ಬೆಲೆ ಹೆಚ್ಚೆಂದು ಕೆಲವರು ಹೈಡ್ರೋಸ್ ಎಂಬ ರಾಸಾಯನಿಕ ಬೆರೆಸುವುದುಂಟು. ಕಂದು ಬಣ್ಣದ್ದನ್ನು ಕೊಳ್ಳುವವರು ಹೆಚ್ಚಿದರೆ ಆ ಪೀಡೆ ತಾನಾಗಿ ತಪ್ಪೀತು.

“ಸಕ್ಕರೆ ಬದಲು ಬೆಲ್ಲ ತಿನ್ನಬಹುದಲ್ಲವೇ?” ಎಂದು ತಂದೆ ಆಸೆಯಿಂದ ಕೇಳಿದರು. ಮಗನೇ ಉತ್ತರ ಕೊಟ್ಟ. ಬೆಲ್ಲದಲ್ಲೂ ನೂರಕ್ಕೆ 80ಕ್ಕಿಂತ ಹೆಚ್ಚು ಪಾಲು ಸಕ್ಕರೆಯೇ. ಒಂದಿಷ್ಟು ಖನಿಜ ಉಳಿದಿದೆಯೆಂದು ಅಂಗೈಯಗಲ ತಿನ್ನುವಂತಿಲ್ಲ. ತಂದೆ ಬಿಸಿ ಬೆಲ್ಲದ ಕಡಲೆಕಾಳಿನಷ್ಟು ಚೂರನ್ನು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಮಾತಾಡಲಿಲ್ಲ.

ಮರುದಿನ ಮಂಡ್ಯದ ನಿಲ್ದಾಣದ ಹೊರಗೆ ಗೋಲಿ ಸೋಡಾದ ಗಾಡಿ ನಿಂತಿತ್ತು. ಹುಡುಗ ಒಂದು ಬಾಟಲಿ ಕೊಳ್ಳಲು ಹೋದಾಗ ತಂದೆಯ ಹುಬ್ಬು ಮೇಲೇರಿತು. ಅದು ಬರೀ ಸೋಡಾ. ಸಕ್ಕರೆಯೂ ಇಲ್ಲ, ಕೆಫೀನೂ ಇಲ್ಲ, ನೀರು ಮತ್ತು ಇಂಗಾಲದ ಡೈಆಕ್ಸೈಡ್ ಮಾತ್ರ ಎಂದು ಮಗ ವಾದಿಸಿದ. ಇಂಗ್ಲೆಂಡಿನ ಹೈರಮ್ ಕಾಡ್ 1872ರಲ್ಲಿ ಹಕ್ಕುಪತ್ರ ಪಡೆದ ಬಾಟಲಿ ಅದು. ಒಳಗಿನ ಅನಿಲವೇ ಗೋಲಿಯನ್ನು ರಬ್ಬರ್ ಬಳೆಗೆ ಒತ್ತಿ ಹಿಡಿದು ಮುಚ್ಚಳದ ಕೆಲಸ ಮಾಡುತ್ತದೆ. ಗಾಡಿಯವನು ಹೆಬ್ಬೆರಳಿನಿಂದ ಒತ್ತಿದ. ಕೀಂಯ್ ಎಂದು ಸದ್ದಾಗಿ ಗೋಲಿ ಕೆಳಗೆ ಬಿತ್ತು. ನಿಂಬೆಹಣ್ಣು, ಉಪ್ಪು ಹಾಕಿಸಿಕೊಂಡು ತಂದೆಯೂ ಒಂದು ಕುಡಿದರು. ಅವರ ಮುಂದಿನ ರಕ್ತಪರೀಕ್ಷೆ ಏಪ್ರಿಲ್‌ನಲ್ಲಿ. ರೈಲು ಮದ್ದೂರು ದಾಟುವ ಹೊತ್ತಿಗೆ ರಸಾಯನಶಾಸ್ತ್ರದ ಪುಸ್ತಕ ಹೊರಬಂದಿತ್ತು. ತಾಯಿಯ ಚೀಲದಲ್ಲಿ ಅಜ್ಜಿ ಕೊಟ್ಟ ರಾಗಿ ಹಿಟ್ಟಿನ ಗಂಟಿತ್ತು. ಅದರ ಅಡಿಯಲ್ಲಿ, ಯಾರಿಗೂ ಹೇಳದೆ ಇಟ್ಟ ಎರಡು ಅಚ್ಚು ಬೆಲ್ಲ.